ಗುರುವಾರ ರಾತ್ರಿಯ ಇಪ್ಪತ್ಮೂರು ಹೆಜ್ಜೆ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆದರೂ ಕೆಲವರಿಗೆ ‘ಇದು ನಾನೇ’ ಅನ್ನಿಸಬಹುದು. ಈ ಗೋಳು ಹೊತ್ತು ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಒಬ್ಬಿಬ್ಬರಲ್ಲ.

ಬೆಂಗಳೂರಿನ ಇಂಜಿನಿಯರ್, ಮೂವತ್ತು ದಾಟಿದವರು. ಗುರುವಾರ ಬಂದರೆ ನಿದ್ದೆ ಇಲ್ಲ. ಅಂದು ರಾತ್ರಿ ತಂಡದ ಸಾಫ್ಟ್‌ವೇರ್ ರಿಲೀಸ್, ಅಂದರೆ ಹೊಸ ಆವೃತ್ತಿಯ ಬಿಡುಗಡೆ. ಮಾಡುವವರು ಇವರೊಬ್ಬರೇ, ಅದೂ ಕೈಯಾರೆ. ಟೆಸ್ಟ್ ಓಡಿಸಬೇಕು, ಮೂರು ಫೈಲ್‌ಗಳಲ್ಲಿ ವರ್ಷನ್ ಸಂಖ್ಯೆ ತಿದ್ದಬೇಕು, ಕಮಿಟ್ (ಬದಲಾವಣೆ ದಾಖಲಿಸುವುದು), ಟ್ಯಾಗ್ (ಆ ಆವೃತ್ತಿಗೆ ಹೆಸರಿನ ಗುರುತು ಹಾಕುವುದು), ಪುಶ್ (ತಂಡದ ಸರ್ವರ್‌ಗೆ ಕಳಿಸುವುದು), ಬಿಲ್ಡ್ (ಕೋಡನ್ನು ಓಡಿಸಬಲ್ಲ ರೂಪಕ್ಕೆ ತರುವುದು). ನೋಟ್‌ಬುಕ್ಕಿನಲ್ಲಿ ಒಟ್ಟು ಇಪ್ಪತ್ಮೂರು ಹೆಜ್ಜೆ. ಎಲ್ಲ ಮುಗಿಸಿ ಮಲಗಿದವರು ಎರಡು ಗಂಟೆಗೆ ಎದ್ದು ಲ್ಯಾಪ್‌ಟಾಪ್ ತೆರೆದು ಇನ್ನೊಮ್ಮೆ ನೋಡುತ್ತಿದ್ದರು. ಇದು ಒಸಿಡಿಯೇ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಗೀಳಿನ ಕಾಯಿಲೆಯೇ ಇರಬೇಕು ಎಂದು ಹೆಂಡತಿ ಕಳಿಸಿಕೊಟ್ಟಿದ್ದರು.

ನನಗೂ ಮೊದಲು ಅದೇ ಅನುಮಾನ. ಮನೆಯ ಗ್ಯಾಸು, ಬಾಗಿಲ ಚಿಲಕವನ್ನೂ ಹೀಗೇ ಮತ್ತೆ ಮತ್ತೆ ನೋಡ್ತೀರಾ ಅಂದೆ. “ಅದನ್ನೆಲ್ಲ ಅವಳೇ ನೋಡ್ಕೊಳ್ತಾಳೆ ಮೇಡಂ,” ಅಂದರು. ಚಿಲಕದ ಚಿಂತೆ ಇಲ್ಲದ ಮನುಷ್ಯ.

ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಎರಡು ಗಂಟೆಯ ಹುಡುಕಾಟದಲ್ಲಿ ನಿಜವಾದ ತಪ್ಪುಗಳೇ ಸಿಗುತ್ತಿದ್ದವು. ಒಮ್ಮೆ ಒಂದು ಫೈಲಿನಲ್ಲಿ 2.14.0, ಇನ್ನೊಂದರಲ್ಲಿ 2.13.9. ಇನ್ನೊಮ್ಮೆ ಟ್ಯಾಗ್ ಇವರ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಸುಮ್ಮನೆ ಪುಶ್ ಅಂದರೆ ಕೋಡ್ ಹೋಗುತ್ತದೆ, ಟ್ಯಾಗ್ ಹೋಗುವುದಿಲ್ಲ, ಅದನ್ನು ಬೇರೆಯಾಗಿ ಹೇಳಿ ಕಳಿಸಬೇಕು. (ಈ ಊರಲ್ಲಿ ಇಷ್ಟು ವರ್ಷ ಕೂತರೆ ಆಪ್ತಸಲಹೆಗಾರ್ತಿಗೂ ಗಿಟ್ ಬರುತ್ತದೆ.) ಚಿಲಕ ಹಾಕಿಯೇ ಇದ್ದರೂ ಮತ್ತೆ ಮತ್ತೆ ನೋಡುವವರಿಗೆ ‘ಎದ್ದು ನೋಡಬೇಡಿ, ಆತಂಕವನ್ನು ತಾಳಿಕೊಳ್ಳಿ’ ಎಂದು ಕಲಿಸಬಹುದು. ಮೂರು ವಾರಕ್ಕೊಮ್ಮೆ ಚಿಲಕ ನಿಜಕ್ಕೂ ತೆರೆದೇ ಇರುವ ಮನೆಯವರಿಗೆ ಹಾಗನ್ನುವುದು ಸುಳ್ಳು ಹೇಳಿದಂತೆ.

ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿಯ ಕತೆಯನ್ನು ಅವರೇ ತೆಗೆದರು. 2012ರ ಆಗಸ್ಟ್ 1, ಅಮೆರಿಕದ ಷೇರುಪೇಟೆ. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕುವುದು ಒಬ್ಬ ತಂತ್ರಜ್ಞನಿಂದ ತಪ್ಪಿಹೋಗಿ, ಸುಮಾರು 45 ನಿಮಿಷದಲ್ಲಿ ಕಂಪನಿ 40 ಕೋಟಿ ಡಾಲರಿಗೂ ಮೀರಿ ಕಳೆದುಕೊಂಡಿತು. “ಆ ತಂತ್ರಜ್ಞ ನಾನೇ ಅನ್ನಿಸತ್ತೆ,” ಅಂದರು. ಆಮೇಲೆ ಅಲ್ಲಿನ ಷೇರು ನಿಯಂತ್ರಕರ ಆದೇಶ ಏನಂದಿತ್ತು ಎಂದು ಕೇಳಿದೆ. ಅದು ಅವರಿಗೂ ಗೊತ್ತಿತ್ತು. ಎರಡನೆಯವರು ಪರಿಶೀಲಿಸಲಿಲ್ಲ, ಪರಿಶೀಲಿಸಬೇಕೆಂಬ ಲಿಖಿತ ಪದ್ಧತಿಯೂ ಇರಲಿಲ್ಲ ಎಂದು ಬೆರಳು ತೋರಿಸಿದ್ದು ಕಂಪನಿಯತ್ತ.

ನಾಲ್ಕನೆಯ ಭೇಟಿಗೆ ನೋಟ್‌ಬುಕ್ ತರಲು ಹೇಳಿದ್ದೆ. ಒಂದೊಂದೇ ಹೆಜ್ಜೆ ಓದಿ, ಅದಕ್ಕೆ ನಿಮ್ಮ ತಲೆ ಬೇಕೋ ಕೈ ಸಾಕೋ ಹೇಳಿ ಅಂದೆ. ಕೈ, ಕೈ, ಕೈ. ಆರನೆಯ ಹೆಜ್ಜೆಗೆ ತಡೆದರು, ವರ್ಷನ್ ಸಂಖ್ಯೆಯ ಮೂರು ಭಾಗಗಳಲ್ಲಿ ಯಾವುದನ್ನು ಏರಿಸಬೇಕು ಎನ್ನುವುದು. ದೋಷ ತಿದ್ದಿದ್ದಷ್ಟೇ ಆದರೆ ಕೊನೆಯದು, ಹೊಸ ಸೌಲಭ್ಯ ಸೇರಿದ್ದರೆ ನಡುವಿನದು, ಹಳೆಯ ಬಳಕೆದಾರರಿಗೆ ಏನಾದರೂ ಮುರಿಯುವುದಿದ್ದರೆ ಮೊದಲನೆಯದು. “ಕಮಿಟ್ ಓದಿ ಇದನ್ನೂ ಮಷಿನ್ನೇ ಹೇಳತ್ತೆ. ಆದ್ರೆ ಯಾರಿಗೆ ಏನು ಮುರಿಯತ್ತೆ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಇದು ತಲೆ.” ಉಳಿದದ್ದೆಲ್ಲ ಮತ್ತೆ ಕೈ.

ನೋಟ್‌ಬುಕ್ ಮುಚ್ಚಿದರು. ಬಹಳ ಹೊತ್ತು ಮಾತಿಲ್ಲ.

“ಸ್ಕ್ರಿಪ್ಟ್ ಬರೆದಿಟ್ಟಿದ್ದೀನಿ ಮೇಡಂ. ಎಂಟು ತಿಂಗಳಾಯ್ತು.”

ಆ ಕೈ ಹೆಜ್ಜೆಗಳನ್ನೆಲ್ಲ ತಾನೇ ಮಾಡುವ ಪುಟ್ಟ ಪ್ರೋಗ್ರಾಮ್ ಅದು. ಟೆಸ್ಟ್ ಬಿದ್ದರೆ ಅಲ್ಲೇ ನಿಲ್ಲುತ್ತದೆ. ಗೆದ್ದರೆ ಮೂರೂ ಕಡೆ ಸಂಖ್ಯೆ ಏರಿಸಿ, ಟ್ಯಾಗ್ ಹಾಕಿ, ಟ್ಯಾಗ್ ಸಮೇತ ಪುಶ್ ಮಾಡುತ್ತದೆ. ಯಾರಿಗೂ ತೋರಿಸಿರಲಿಲ್ಲ. ಯಾಕೆ?

“ಗುರುವಾರ ರಾತ್ರಿ ಎಲ್ಲರೂ ಮೆಸೇಜ್ ಹಾಕ್ತಾರೆ. ನೀನಿದ್ದೀಯಲ್ಲ, ಟೆನ್ಷನ್ ಇಲ್ಲ ಅಂತ.”

ನಾನು ಕೊಟ್ಟ ಸಲಹೆ ಇಷ್ಟೇ. ಸ್ಕ್ರಿಪ್ಟನ್ನು ಈ ವಾರವೇ ತಂಡದ ಮುಂದಿಡಿ. ಮೊದಲೆರಡು ಸಲ ಪುಶ್ ಮಾಡದೆ ಪ್ರಯೋಗಕ್ಕಷ್ಟೇ ಓಡಿಸಿ. ಮೂರನೆಯ ಸಲ ಬೇರೆಯವರು ಓಡಿಸಲಿ, ನೀವು ಪಕ್ಕದಲ್ಲಿ ಕೈಕಟ್ಟಿ ಕೂತಿರಿ. ನಾಲ್ಕನೆಯ ಸಲ ಮನೆಯಲ್ಲಿರಿ. ಆರನೆಯ ಹೆಜ್ಜೆಯ ತೀರ್ಮಾನ ಮಾತ್ರ ನಿಮ್ಮದೇ, ಅದನ್ನೂ ಹಗಲಲ್ಲಿ ಇನ್ನೊಬ್ಬರ ಜೊತೆ ಮಾತಾಡಿ ಮಾಡಿ.

ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ಇದು ಆಪ್ತಸಲಹೆಯಲ್ಲ, ಆಫೀಸಿನ ಕೆಲಸ ಸುಧಾರಿಸಿಕೊಟ್ಟಂತಾಯಿತು ಅಂದರು. ಇರಬಹುದು. ಸೋರುವ ಮನೆಯಲ್ಲಿ ರಾತ್ರಿಯೆಲ್ಲ ಪಾತ್ರೆ ಹಿಡಿದು ನಿಂತವರಿಗೆ ನಾನು ಉಸಿರಾಟದ ವ್ಯಾಯಾಮ ಹೇಳಿಕೊಡಲಾರೆ. ಹೆಂಚು ಸರಿಮಾಡಿದ ಮೇಲೂ ಪಾತ್ರೆ ಕೆಳಗಿಡಲು ಮನಸ್ಸಾಗದಿದ್ದರೆ ಅಲ್ಲಿಂದ ನನ್ನ ಕೆಲಸ ಶುರು. ಈ ಎರಡನ್ನೂ ಬೇರೆ ಮಾಡದೆ ‘ನಿಮಗೆ ಆತಂಕದ ಸ್ವಭಾವ’ ಎಂದು ಹಣೆಪಟ್ಟಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಅವರನ್ನು ಸ್ಕ್ರಿಪ್ಟಿನಷ್ಟಕ್ಕೇ ಕಳಿಸಿದ್ದರೂ ತಪ್ಪಾಗುತ್ತಿತ್ತು. ಎಂಟು ತಿಂಗಳು ಅದು ಯಾಕೆ ಮಲಗಿತ್ತು ಎಂಬ ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ಏಳನೆಯ ಭೇಟಿಗೆ ಅವರು ನಿದ್ದೆ ಮಾಡಿದ ಮುಖ ಹೊತ್ತು ಬಂದರು. ರಿಲೀಸ್ ಈಗ ಮಂಗಳವಾರ ಬೆಳಿಗ್ಗೆ, ಓಡಿಸಿದ್ದು ಹೊಸ ಹುಡುಗಿ. ಒಂದು ಟೆಸ್ಟ್ ಬಿದ್ದು ಸ್ಕ್ರಿಪ್ಟ್ ತಾನೇ ನಿಂತಿತಂತೆ. ಅವಳೇ ತಿದ್ದಿ ಮತ್ತೆ ಓಡಿಸಿದಳಂತೆ. ಇವರಿಗೆ ವಿಷಯ ಗೊತ್ತಾಗಿದ್ದು ಮಧ್ಯಾಹ್ನದ ಊಟಕ್ಕೆ.

“ಯಾರೂ ನನಗೆ ಫೋನ್ ಮಾಡ್ಲಿಲ್ಲ ಮೇಡಂ,” ಅಂದರು. ನಕ್ಕರು, ಆದರೆ ನಗು ಪೂರ್ತಿ ಬರಲಿಲ್ಲ. ಮುಂದಿನ ತಿಂಗಳಿಗೆ ಇನ್ನೊಂದು ದಿನ ಗೊತ್ತು ಮಾಡಿಕೊಂಡೆವು.