ಆವಿಯಾಗುವುದು ನೀರು, ಉಪ್ಪಲ್ಲ

ಪ್ರಶ್ನೆ: ನನ್ನ ಮೇಜಿನ ಮೇಲೆ 20 ಲೀಟರಿನ ಪುಟ್ಟ ಹವಳದ ತೊಟ್ಟಿ ಇದೆ. ನೀರು ಇಳಿದಾಗಲೆಲ್ಲ ಉಪ್ಪುನೀರನ್ನೇ ಸೇರಿಸುತ್ತೇನೆ. ಈಗ ಹವಳಗಳು ಮುದುಡಿಕೊಂಡಿವೆ. ಒಂದು ಜೊತೆ ಕ್ಲೌನ್ ಮೀನು ಬಿಡೋಣ ಅಂತಲೂ ಆಸೆ. ಬಿಡಬಹುದಾ?

ಉತ್ತರ: ಮೀನಿನ ಮಾತು ಆಮೇಲೆ. ಮೊದಲು ಉಪ್ಪು ನೋಡೋಣ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ನಿಮ್ಮ ತೊಟ್ಟಿಯಲ್ಲಿ 700 ಗ್ರಾಂ ಇರಬೇಕು. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತೆ. ನೀವು ಸುರಿದ ಪ್ರತಿ ಲೀಟರ್ ಉಪ್ಪುನೀರಿನ ಜೊತೆ ತೊಟ್ಟಿಗೆ ಮತ್ತೆ 35 ಗ್ರಾಂ ಉಪ್ಪು ಜಾಸ್ತಿ ಆಯ್ತು ಅಲ್ವಾ? ಹವಳ ಮುದುಡದೆ ಇನ್ನೇನು ಮಾಡೀತು!

ಇಳಿದ ನೀರಿಗೆ ಆರ್‌ಓ ನೀರು ಮಾತ್ರ ಹಾಕಿ, ದಿನಾ ಸ್ವಲ್ಪ ಸ್ವಲ್ಪ. ನಾನು ಗಾಜಿನ ಮೇಲೆ ಟೇಪಿನಿಂದ ಗೆರೆ ಹಾಕಿಕೊಂಡಿದ್ದೇನೆ. ಬೆಳಿಗ್ಗೆ ಲೋಟದಲ್ಲಿ ಆ ಗೆರೆಯವರೆಗೆ ತುಂಬಿಸಿದರೆ ಮುಗಿಯಿತು. ಉಪ್ಪುನೀರು ವಾರದ ನೀರು ಬದಲಾವಣೆಗೆ ಮಾತ್ರ: 2 ಲೀಟರ್ ತೆಗೆದು, ಅಷ್ಟೇ ಹೊಸದು. ಈಗ ಏರಿರುವ ಉಪ್ಪನ್ನು ಒಂದೇ ದಿನದಲ್ಲಿ ಇಳಿಸಬೇಡಿ, ಹವಳಕ್ಕೆ ಅದೂ ಪೆಟ್ಟೇ. ಕೆಲವು ದಿನ ಹಿಡಿಯಲಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ನಿಂತರೆ ಸಾಕು.

ಬಿಸಿ 25–26 ಡಿಗ್ರಿ ಇರಲಿ.

ಇನ್ನು ಮೀನು. 20 ಲೀಟರಿಗೆ ಕ್ಲೌನ್ ಜೋಡಿ ಬೇಡವೇ ಬೇಡ. ಪಾಚಿ ಮೇಯುವ ಒಂದೆರಡು ಬಸವನಹುಳು, ಒಂದು ಸಣ್ಣ ಏಡಿ ಸಾಕು. ಅಂಗಡಿಯವರು ‘ಏನೂ ಆಗಲ್ಲ’ ಅಂದೇ ಅನ್ನುತ್ತಾರೆ, ಸುಮ್ನೆ ನಕ್ಕು ಬನ್ನಿ.