ಕ್ರೌನ್ ಬಿಚ್ಚುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: ಎರಡು ತಿಂಗಳ ಹಿಂದೆ ಮೂಡಿಗೆರೆ ಕಡೆಯ ತೋಟದವರೊಬ್ಬರಿಂದ 2013ರ ಥಾರ್ ಕೊಂಡೆ. ಡೀಸೆಲ್, ಫೋರ್ ವೀಲ್. ಕಾಫಿ, ಮೆಣಸಿನ ಮೂಟೆ ಸಾಗಿಸಲು, ಕೆಲಸದವರನ್ನು ಕರೆತರಲು ಬೇಕಿತ್ತು. ತೋಟಕ್ಕೆ ಹೋಗಲು ಹಳ್ಳ ದಾಟಬೇಕು. ಈಗ ಗಾಡಿಯ ಹಿಂದೆ ಮೂರು ಥರ ಸದ್ದು. ಕ್ಲಚ್ ಬಿಟ್ಟ ಕೂಡಲೇ ‘ಟಣ್’ ಅನ್ನುತ್ತದೆ. ಟಾರ್ ರಸ್ತೆಯಲ್ಲಿ 50-60ರ ವೇಗಕ್ಕೆ ಬಂದಾಗ ‘ಗುಂಯ್’ ಶುರುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತದೆ. ಗುಂಡಿ ದಾರಿಯಲ್ಲಿ ‘ಕಟಕಟ’. ಮೆಕ್ಯಾನಿಕ್ ಒಂದು ರೌಂಡ್ ಓಡಿಸಿ, ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲಿನ ಜೋಡಿ ಗೇರು) ಪೂರ್ತಿ ಬದಲಿಸಬೇಕು ಎಂದರು. ದೊಡ್ಡ ಖರ್ಚು. ಏನು ಮಾಡಲಿ?
– ಓದುಗರು, ಸಕಲೇಶಪುರ

ಉತ್ತರ: ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಬರೆದಿದ್ದೀರಲ್ಲ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ನಮ್ಮ ಶೆಡ್ಡಿಗೆ ಬರುವವರಲ್ಲಿ ಜಾಸ್ತಿ ಜನ ‘ಹಿಂದೆ ಸೌಂಡ್ ಬರ್ತಿದೆ’ ಅಂದು ಕೀ ಕೊಟ್ಟು ಹೊರಟುಬಿಡುತ್ತಾರೆ. ನಿಮ್ಮ ಮೂರು ಸದ್ದಿಗೆ ಮೂರು ಬೇರೆ ಬೇರೆ ಕಾರಣ ಇರುವ ಸಂಭವವೇ ಹೆಚ್ಚು. ಮೂರನ್ನೂ ಕ್ರೌನ್ ಮೇಲೆ ಹೊರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಹೌಸಿಂಗ್‌ನ (ಆ ಗೇರುಗಳಿರುವ ಆಕ್ಸಲ್ ಪೆಟ್ಟಿಗೆಯ) ಆಯಿಲ್ ಕೂಡ ನೋಡದೆ ಹೇಳಿದ ಮಾತು ಅದು.

ಮೊದಲು ಸುಲಭದ್ದು, ಕಟಕಟ. ಸ್ಟೆಪ್ನಿ, ಜಾಕ್, ಟೂಲ್ಸ್ ಎಲ್ಲ ಇಳಿಸಿ ಅದೇ ದಾರಿಯಲ್ಲಿ ಒಮ್ಮೆ ಓಡಿಸಿ. ಸ್ಟೆಪ್ನಿ ಬ್ರಾಕೆಟ್ ಸಡಿಲವಾಗಿದ್ದರೂ ಹೌಸಿಂಗ್ ಒಡೆದಂತೆಯೇ ಕೇಳಿಸುತ್ತದೆ. ಸದ್ದು ಹಾಗೇ ಇದ್ದರೆ ಗಾಡಿಯ ಅಡಿ ತೊಳೆಸಿ. ಮಣ್ಣು ಮೆತ್ತಿಕೊಂಡಿದ್ದರೆ ಏನೂ ಕಾಣುವುದಿಲ್ಲ. ನಿಮ್ಮ ಗಾಡಿಗೆ ಹಿಂದೆ ಪ್ಲೇಟು ಸ್ಪ್ರಿಂಗ್. ಮಧ್ಯದ ಬೋಲ್ಟ್ ಹತ್ತಿರ ಪ್ಲೇಟು ತುಂಡಾಗಿದ್ದರೆ ಯು-ಬೋಲ್ಟ್ ಅದನ್ನು ಮುಚ್ಚಿಡುತ್ತದೆ, ಟಾರ್ಚ್ ಹಿಡಿದು ಪಕ್ಕದಿಂದ ನೋಡಬೇಕು. ಶಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತೂಗಿಸುವ ಕೊಂಡಿ) ಬುಷ್, ಶಾಕ್ ಅಬ್ಸಾರ್ಬರ್ ಬುಷ್‌ಗೆ ಹಾರೆಯಿಂದ ಮೆಲ್ಲಗೆ ಮೀಟಿ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಬುಷ್ ಸವೆದಿದೆ. ಮುಂದಿನ ಚಕ್ರದ ನಡುವಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಎರಡೂ ಬದಿ ಟೇಪು ಹಿಡಿದು ಅಳೆಯಿರಿ. ಮುಂದಿನ ಚಕ್ರ ನೇರ ಇರಲಿ. ಒಂದು ಬದಿ ಎದ್ದು ಕಾಣುವಷ್ಟು ಕಡಿಮೆ ಬಂದರೆ ಮಧ್ಯದ ಬೋಲ್ಟ್ ತುಂಡಾಗಿ ಹೌಸಿಂಗ್ ಜರುಗಿರಬಹುದು. ಹಾಗಿದ್ದರೆ ಸರಿಮಾಡುವ ತನಕ ಲೋಡು ಹಾಕಬೇಡಿ.

ಇನ್ನು ‘ಟಣ್’. ಕ್ಲಚ್ ಬಿಟ್ಟಾಗ ಒಮ್ಮೆ ಮಾತ್ರ ಬಂದರೆ ನನ್ನ ಅನುಮಾನ ಮೊದಲು ಹೋಗುವುದು ಪ್ರೊಪೆಲ್ಲರ್ ಶಾಫ್ಟಿನ (ಗೇರ್ ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲಿಗೆ ಹೋಗುವ ತಿರುಗುವ ಉದ್ದ ಕೊಳವೆ) ಕ್ರಾಸ್ ಮೇಲೆ, ಅಂದರೆ ಅದರ ತುದಿಯ ಮಡಚುವ ಕೀಲಿನ ಮೇಲೆ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಚಕ್ರಗಳಿಗೆ ಹಿಂದೆ ಮುಂದೆ ದೊಡ್ಡ ಮರದ ತುಂಡು ಕೊಡಿ. ಆಮೇಲೆ ನ್ಯೂಟ್ರಲ್ ಮಾಡಿ, ಅಡಿಗೆ ಹೋಗಿ ಶಾಫ್ಟನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ. ಕ್ರಾಸಿನ ಎರಡೂ ಕಡೆಯ ಕವಲು ಒಟ್ಟಿಗೇ ಅಲುಗಬೇಕು. ಒಂದು ಅಲುಗಿ ಇನ್ನೊಂದು ತಡವಾಗಿ ಬಂದರೆ ಕ್ರಾಸ್ ಹೋಗಿದೆ. ಕ್ರಾಸಿನ ತುದಿಗಳ ಬಟ್ಟಲಿನ (ಕಪ್) ಸುತ್ತ ಕೆಂಪು ಪುಡಿ ಕಂಡರೂ ಅಷ್ಟೇ. ಒಳಗಿನ ಸೂಜಿ ಬೇರಿಂಗ್ ಗ್ರೀಸ್ ಇಲ್ಲದೆ ತುಕ್ಕು ಹಿಡಿದು ಪುಡಿಯಾಗಿರುತ್ತದೆ. ಕ್ರೌನ್ ಕೆಲಸದ ಪಕ್ಕದಲ್ಲಿ ಕ್ರಾಸಿನ ಖರ್ಚು ಏನೂ ಅಲ್ಲ. ಶಾಫ್ಟು ಬಿಚ್ಚುವ ಮುಂಚೆ ಸುಣ್ಣದಲ್ಲೋ ಪೇಂಟಿನಲ್ಲೋ ಗುರುತು ಹಾಕಿಸಿ. ಎರಡು ತುದಿಯ ಕವಲು ಒಂದೇ ಸಾಲಿಗೆ ಬರದಂತೆ ಜೋಡಿಸಿದರೆ ಗಾಡಿ ನಡುಗಲು ಶುರುವಾಗುತ್ತದೆ. ಶಾಫ್ಟು ಉದ್ದ ಗಿಡ್ಡ ಆಗುವ ಜಾರು ಹಲ್ಲಿಗೂ ಗ್ರೀಸ್ ಹೊಡೆಸಿ. ಎಷ್ಟೋ ಗಾಡಿಗಳಲ್ಲಿ ‘ಟಣ್’ ಅಷ್ಟಕ್ಕೇ ಹೋಗುತ್ತದೆ.

ಶಾಫ್ಟು ತಿರುಗಿಸುವಾಗ ಸ್ವಲ್ಪ ಸಡಿಲ ಸಿಕ್ಕೇ ಸಿಗುತ್ತದೆ. ಅದಕ್ಕೆ ಹೆದರಬೇಡಿ. ಕ್ರೌನ್-ಪಿನಿಯನ್ ಹಲ್ಲುಗಳ ನಡುವೆ ಸಂದು ಇರಲೇಬೇಕು, ಈ ಗಾತ್ರದ ಹೌಸಿಂಗ್‌ಗಳಲ್ಲಿ ಸುಮಾರು 0.15ರಿಂದ 0.25 ಮಿ.ಮೀ. ಸಂದು ಇಲ್ಲದಿದ್ದರೆ ಹಲ್ಲು ಸುಟ್ಟುಹೋಗುತ್ತದೆ. ಅಲ್ಲಿರುವಾಗಲೇ ಪಿನಿಯನ್ ಫ್ಲಾಂಜನ್ನು (ಶಾಫ್ಟು ಬಂದು ಸೇರುವ ತಟ್ಟೆ) ಮೇಲೆ ಕೆಳಗೆ ಅಲುಗಿಸಿ ನೋಡಿ. ಆ ದಿಕ್ಕಿನಲ್ಲಿ ಕೂದಲೆಳೆಯಷ್ಟೂ ಆಡಬಾರದು. ಆಡಿದರೆ ಪಿನಿಯನ್ ಬೇರಿಂಗ್ ಸವೆದಿದೆ.

ಈಗ ನಿಮ್ಮ ‘ಗುಂಯ್’. ಇದರಲ್ಲಿ ನಿಮ್ಮ ಮೆಕ್ಯಾನಿಕ್ ಸರಿಯಾದ ಕಡೆಯೇ ಕೈ ತೋರಿಸಿದ್ದಾರೆ. ಟಯರ್ ಸದ್ದಾಗಿದ್ದರೆ ಆಕ್ಸಿಲರೇಟರ್ ಬಿಟ್ಟರೂ ಇರುತ್ತಿತ್ತು, ರಸ್ತೆ ಬದಲಾದಾಗ ಬದಲಾಗುತ್ತಿತ್ತು. ಹಬ್ ಬೇರಿಂಗ್ ಆಗಿದ್ದರೆ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತೂಗಿದಾಗ ಏರಿಳಿಯುತ್ತಿತ್ತು. ಬಲಕ್ಕೆ ತಿರುಗಿದಾಗ ಜಾಸ್ತಿಯಾದರೆ ಭಾರ ಬೀಳುವ ಎಡಗಡೆಯ ಬೇರಿಂಗ್ ಮೇಲೆ ಅನುಮಾನ. ಕಾಲೊತ್ತಿದಾಗ ಬಂದು ಬಿಟ್ಟಾಗ ಹೋಗುವುದು ಡಿಫರೆನ್ಷಿಯಲ್ (ಎರಡು ಬದಿಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಹೌಸಿಂಗ್ ನಡುವಿನ ಗೇರು ಜೋಡಣೆ) ಒಳಗಿನದೇ. ಆದರೆ ಒಳಗೆ ಏನು ಅನ್ನುವುದು ಇನ್ನೂ ಗೊತ್ತಾಗಿಲ್ಲ, ಅಲ್ವಾ? ಅದನ್ನು ಆಯಿಲ್ ಹೇಳುತ್ತದೆ.

ಆಯಿಲ್ ತುಂಬಿಸುವ ಬೋಲ್ಟನ್ನೇ ಮೊದಲು ಬಿಚ್ಚಿಸಿ, ಇಳಿಸುವ ಬೋಲ್ಟ್ ಆಮೇಲೆ. ಮೇಲಿನದು ತುಕ್ಕು ಹಿಡಿದು ಬರದೇ ಹೋದರೆ, ಇಳಿಸಿದ ಮೇಲೆ ತುಂಬಿಸಲು ದಾರಿಯಿರುವುದಿಲ್ಲ. ಬೆರಳು ಹಾಕಿ ನೋಡಿ. ಆಯಿಲ್ ತೂತಿನ ಕೆಳ ಅಂಚಿಗೆ ಬರಬೇಕು. ಕಡಿಮೆಯಿದ್ದರೆ ‘ಗುಂಯ್’ಗೆ ಅದೇ ಕಾರಣ ಇರಬಹುದು. ಹಾಲು ಹಾಕಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಸೇರಿದೆ. ಹಳ್ಳದ ಮಾತು ಓದಿದಾಗಲೇ ನನಗೆ ಈ ಚಿಂತೆ ಹತ್ತಿತು. ಹೌಸಿಂಗ್ ಮೇಲೆ ಗಾಳಿ ಆಡಲು ಸಣ್ಣ ಬ್ರೀದರ್ ಇರುತ್ತದೆ. ಕೆಸರು ಕಟ್ಟಿ ಅದು ಮುಚ್ಚಿಹೋಗಿದ್ದರೆ, ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ಕ್ಷಣ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರು ಎಳೆದುಕೊಳ್ಳುತ್ತದೆ. ಮಲೆನಾಡಿನ ಜೀಪುಗಳ ಬೇರಿಂಗ್ ಹಾಳಾಗುವುದು ಹೆಚ್ಚಾಗಿ ಹೀಗೆಯೇ. ಬ್ರೀದರಿಗೆ ಒಂದು ಪೈಪು ಹಾಕಿಸಿ ಬಾಡಿಯವರೆಗೆ ಎತ್ತಿ ಕಟ್ಟಿಸಿಬಿಡಿ. ಈ ಮಳೆಗಾಲಕ್ಕೆ ಮುಂಚೆಯೇ ಮಾಡಿಸಿ.

ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ. ನುಣುಪಾದ ಬೂದು ಕೆಸರು ಇದ್ದರೆ ಮಾಮೂಲಿ ಸವೆತ. ಹೊಳೆಯುವ ಚಕ್ಕೆ, ತುಂಡು ಬಂದರೆ ಗಾಡಿ ಓಡಿಸದೆ ಬಿಚ್ಚಿಸಿ. ಅಂಥದ್ದೇನೂ ಬರದಿದ್ದರೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಆಯಿಲ್ ತುಂಬಿಸಿ, ಒಂದು ವಾರ ಓಡಿಸಿ ಕೇಳಿ. ಸದ್ದು ನುಣ್ಣಗೆ ಹಾಡಿದಂತಿದ್ದು, ಅದೇ ವೇಗದಲ್ಲಿ ಮಾತ್ರ ಬಂದರೆ ಹಲ್ಲಿನ ಸವೆತ. ತೋಟದ ಗಾಡಿಗೆ ನಾನಾಗಿದ್ದರೆ ಅದನ್ನು ಹಾಗೇ ಬಿಡುತ್ತೇನೆ, ಆಯಿಲ್ ಮಾತ್ರ ಆಗಾಗ ನೋಡುತ್ತೇನೆ. ‘ಗರಗರ’ ಅಂತ ಒರಟಾಗಿ, ವೇಗದ ಜೊತೆ ಏರುತ್ತಾ ಹೋದರೆ ಬೇರಿಂಗ್. ಅದನ್ನು ಮುಂದೂಡಬೇಡಿ. ಈಗ ಬೇರಿಂಗ್ ಹಾಕಿಸಿದರೆ ಹಲ್ಲು ಉಳಿಯುತ್ತದೆ.

ಬೇರಿಂಗ್ ಹಾಕುವವರು ಪಿನಿಯನ್ ನಟ್ಟನ್ನು ಗನ್ (ನಟ್ಟು ಬಿಗಿಯುವ ಯಂತ್ರ) ಹಿಡಿದು ಕಣ್ಣಂದಾಜಿನಲ್ಲಿ ಬಿಗಿದರೆ ಹೊಸ ಬೇರಿಂಗ್ ಬೇಗ ಹೋಗುತ್ತದೆ. ಬಿಗಿಯ ಅಳತೆ ನೋಡಿ, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಎಲ್ಲಿ ಕೂರುತ್ತದೆ ಅಂತ ನೋಡುವ ಶೆಡ್ಡಿಗೇ ಕೊಡಿ. ಕೊನೆಗೆ ಕ್ರೌನ್ ಬದಲಿಸಲೇಬೇಕಾಗಿ ಬಂದರೆ ಜೋಡಿಯಾಗಿಯೇ ಹಾಕಿಸಿ. ಅವೆರಡನ್ನೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಹೊಂದಿಸಿ ಉಜ್ಜಿರುತ್ತಾರೆ. ಗುಜರಿಯಿಂದ ಬರೀ ಪಿನಿಯನ್ ತಂದು ಹಾಕಿದರೆ ಸದ್ದು ಹೋಗುವುದಿಲ್ಲ.

ಪ್ರಶ್ನೆ: ನನ್ನದು 2016ರ ಥಾರ್. ಕೆಸರಿನಲ್ಲಿ ಒಂದು ಹಿಂದಿನ ಚಕ್ರ ಸುಮ್ನೆ ತಿರುಗಿ, ತಟ್ಟನೆ ‘ಧಡ್’ ಅಂದು ಗಾಡಿ ಮುಂದಕ್ಕೆ ಎಗರುತ್ತದೆ. ಏನಾದರೂ ಮುರಿದಿದೆಯೇ?
– ಓದುಗರು, ಸೋಮವಾರಪೇಟೆ

ಉತ್ತರ: ನಿಮ್ಮ ಗಾಡಿಯಲ್ಲಿ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಇದ್ದರೆ ಅದು ಅದರ ಕೆಲಸದ ಸದ್ದು. ಎರಡು ಹಿಂದಿನ ಚಕ್ರಗಳ ತಿರುಗುವಿಕೆಯಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಅದು ತಾನೇ ಕಚ್ಚಿಕೊಂಡು, ಎರಡನ್ನೂ ಒಟ್ಟಿಗೆ ತಿರುಗಿಸುತ್ತದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಧಡ್ ಕೂಡ ಜೋರು, ಆಕ್ಸಲ್ ಶಾಫ್ಟಿಗೆ ಏಟು. ಮೆಲ್ಲಗೆ ಒತ್ತಿ, ಕಚ್ಚಿಕೊಳ್ಳಲು ಬಿಡಿ. ಆದರೆ ಒಣ ಟಾರ್ ರಸ್ತೆಯ ತಿರುವಿನಲ್ಲೂ ಅದೇ ಸದ್ದು ಬಂದರೆ ತೋರಿಸಬೇಕು.

ಪ್ರಶ್ನೆ: ಫೋರ್ ವೀಲ್ ಹಾಕಿಕೊಂಡು ಟಾರ್ ರಸ್ತೆಯಲ್ಲಿ ತಿರುಗಿಸಿದರೆ ಗಾಡಿ ಎಳೆದು ಹಿಡಿದಂತಾಗಿ ಅಡಿಯಲ್ಲಿ ‘ಕಟ್’ ಅನ್ನುತ್ತದೆ. ಹಳೆಯ ಜೀಪು.
– ಓದುಗರು, ಕೊಪ್ಪ

ಉತ್ತರ: ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಲೇಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೂರ ಓಡಬೇಕು. ಹಳೆಯ ಜೀಪಿನಲ್ಲಿ ಮುಂದಿನ, ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಆ ಬಿಗಿತ ಎಲ್ಲ ಕ್ರಾಸ್ ಮತ್ತು ಗೇರುಗಳ ಮೇಲೆ ಬೀಳುತ್ತದೆ. ಲಿವರ್ ಟೂ ವೀಲಿಗೆ ಬರದೆ ಹಟ ಮಾಡಿದರೆ ಗುದ್ದಬೇಡಿ. ನೇರವಾಗಿ ಸ್ವಲ್ಪ ರಿವರ್ಸ್ ತೆಗೆದುಕೊಳ್ಳಿ, ಬಿಗಿತ ಸಡಿಲವಾಗಿ ಲಿವರ್ ಬರುತ್ತದೆ.