ದೊಡ್ಡ ನಾಯಿಗೆ ಮನೆ ಹುಡುಕುವುದಾದರೆ ಅದರ ದೋಷವನ್ನು ಮೊದಲ ಸಾಲಿನಲ್ಲೇ ಬರೆಯಿರಿ

ಪುಣೆಯ ವಾಕಡ್‌ನಲ್ಲಿರುವ ನಿಮ್ಮ ವಸತಿ ಸೊಸೈಟಿಯ ಗೇಟಿನ ಬಳಿ ಸಿಕ್ಕ, ರಾಟ್‌ವೈಲರ್ ಮಿಶ್ರತಳಿಯಂತೆ ಕಾಣುವ, ಸುಮಾರು 40 ಕೆ.ಜಿ. ತೂಕದ ಗಂಡುನಾಯಿಯನ್ನು ಬಾಡಿಗೆ ಮನೆಯಲ್ಲಿ ಇಟ್ಟುಕೊಂಡಿದ್ದೀರಿ. ಮನೆಮಾಲೀಕರು ಒಂದು ತಿಂಗಳ ಗಡುವು ಕೊಟ್ಟಿದ್ದಾರೆ. ಇಷ್ಟು ದೊಡ್ಡ ನಾಯಿಯನ್ನು ಯಾರು ತೆಗೆದುಕೊಳ್ಳುತ್ತಾರೆ, ಮುಳಶಿ ಕಡೆಯ ಫಾರ್ಮ್‌ಹೌಸಿನವರು ಕೇಳುತ್ತಿದ್ದಾರೆ, ಕೊಟ್ಟುಬಿಡಲೇ ಎಂಬುದು ನಿಮ್ಮ ಪ್ರಶ್ನೆ. ನಾನು 19 ವರ್ಷಗಳಿಂದ ಕೋಥರೂಡಿನಲ್ಲಿದ್ದೇನೆ. ಈವರೆಗೆ 7 ದೊಡ್ಡ ನಾಯಿಗಳಿಗೆ ಮನೆ ಹುಡುಕಿದ್ದೇನೆ, ಅವುಗಳಲ್ಲಿ ಒಂದರ ವಿಷಯದಲ್ಲಿ ದೊಡ್ಡ ತಪ್ಪನ್ನೂ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಫಾರ್ಮ್‌ಹೌಸಿನವರಿಗೆ ಸದ್ಯಕ್ಕೆ ಮಾತು ಕೊಡಬೇಡಿ. ಮೊದಲ 10 ದಿನಗಳನ್ನು ನಾಯಿಯನ್ನು ಅರಿಯುವುದಕ್ಕೆ ಬಳಸಿ, ಅರಿತದ್ದನ್ನು ಮುಚ್ಚಿಡದೆ ಬರೆದರೆ, ಉಳಿದ ದಿನಗಳಲ್ಲಿ ಮನೆ ಸಿಗುವ ಸಾಧ್ಯತೆ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು.

ಅದಕ್ಕೂ ಮೊದಲು, ನಾಯಿಗೆ ಈಗಾಗಲೇ ಒಬ್ಬ ಯಜಮಾನರಿದ್ದಾರೆಯೇ ಎಂದು ನೋಡಿಕೊಳ್ಳಿ. ಪಶುವೈದ್ಯರ ಬಳಿ ಸ್ಕ್ಯಾನರ್ ಇದ್ದರೆ ಕುತ್ತಿಗೆಯ ಹಿಂದೆ ಮೈಕ್ರೋಚಿಪ್ ಇದೆಯೇ ಎಂದು ಪರೀಕ್ಷಿಸಬಹುದು. ಹತ್ತಿರದ ಪೊಲೀಸ್ ಠಾಣೆಗೂ ಸುತ್ತಮುತ್ತಲಿನ ಸೊಸೈಟಿಗಳ ವಾಟ್ಸ್‌ಆ್ಯಪ್ ಗುಂಪುಗಳಿಗೂ ವಿಷಯ ತಿಳಿಸಿ. ಆದರೆ ನಾಯಿಯ ಮೈಮೇಲಿನ ಒಂದು ಗುರುತನ್ನಾದರೂ ಯಾರಿಗೂ ಹೇಳದೆ ನಿಮ್ಮಲ್ಲೇ ಇಟ್ಟುಕೊಳ್ಳಿ. ನನ್ನದು ಎಂದು ಬಂದವರು ಆ ಗುರುತನ್ನು ತಾವಾಗಿ ಹೇಳಬೇಕು, ಹಳೆಯ ಫೋಟೊ ಅಥವಾ ಲಸಿಕೆಯ ಪುಸ್ತಕ ತೋರಿಸಬೇಕು.

ಪಶುವೈದ್ಯರ ಬಳಿ ಹೋದಾಗ ತೂಕ, ಹಲ್ಲು ನೋಡಿ ಅಂದಾಜಿಸಿದ ವಯಸ್ಸು, ರೇಬೀಸ್ ಲಸಿಕೆ, ಜಂತಿನ ಔಷಧಿ, ಇವುಗಳ ಜೊತೆಗೆ ರಕ್ತಪರೀಕ್ಷೆಯನ್ನೂ ಮಾಡಿಸಿ. ಉಣ್ಣಿಗಳಿಂದ ಹರಡುವ ಟಿಕ್ ಫೀವರ್ ಬೀದಿಯಲ್ಲಿ ಅಲೆದ ನಾಯಿಗಳಲ್ಲಿ ಸಾಮಾನ್ಯ, ಅದು ಹೊರಗೆ ಕಾಣದಂತೆ ಒಳಗೊಳಗೇ ಇರಬಲ್ಲದು. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು, ವೈದ್ಯರು ಆರೋಗ್ಯ ಸರಿಯಿದೆ ಎಂದಮೇಲೆ, ನಾಯಿಯನ್ನು ಬೇರೆಯವರ ಕೈಗೆ ಕೊಡುವ ಮುನ್ನವೇ ಮಾಡಿಸಿಬಿಡಿ. ತಳಿ ಬೆಳೆಸಿ ಮರಿ ಮಾರುವ ಉದ್ದೇಶದಿಂದಲೇ ದೊಡ್ಡ ಗಂಡುನಾಯಿಗಳನ್ನು ಕೇಳಿಕೊಂಡು ಬರುವವರಿದ್ದಾರೆ; ಶಸ್ತ್ರಚಿಕಿತ್ಸೆ ಆಗಿದೆ ಎಂಬ ಒಂದು ಮಾತಿಗೆ ಅವರು ಫೋನ್ ಇಟ್ಟುಬಿಡುತ್ತಾರೆ. ಈ ದಿನಗಳಲ್ಲಿ ಹೆದರಿದ ನಾಯಿ ಯಾರಿಗಾದರೂ ಹಲ್ಲು ತಾಗಿಸಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ಸಂಕೋಚವೂ ಬೇಡ, ತಡವೂ ಬೇಡ.

ಈಗ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. 2022ರ ಮಳೆಗಾಲದಲ್ಲಿ ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ಜರ್ಮನ್ ಶೆಫರ್ಡ್ ಮಿಶ್ರತಳಿಯ ಗಂಡುನಾಯಿಯೊಂದು ಬಂದು ಮಲಗಿತ್ತು. ಪಕ್ಕೆಲುಬು ಎಣಿಸುವಂತಿತ್ತು, ಕುತ್ತಿಗೆಯ ಸುತ್ತ ಚೈನು ಉಜ್ಜಿ ಕೂದಲು ಉದುರಿದ ಬೆರಳಗಲದ ಪಟ್ಟಿಯಿತ್ತು. ನಾವು ಕನ್ನಡದಲ್ಲಿ ಕರೆದೆವು, ಇಂಗ್ಲಿಷಿನಲ್ಲಿ ‘ಸಿಟ್’ ಎಂದೆವು, ಅದು ಸುಮ್ಮನೆ ನೋಡುತ್ತಿತ್ತು. ಜೇಜುರಿ ಕಡೆಯವರಾದ ನಮ್ಮ ವಾಚ್‌ಮನ್ ಕಾಕಾ ಬಂದು ‘ಖಾಲೀ ಬಸ್’ ಎಂದರು. ಕೆಳಗೆ ಕೂತುಕೋ ಎಂದು ಮರಾಠಿಯಲ್ಲಿ ಹೇಳಿದ ಆ ಕ್ಷಣವೇ ನಾಯಿ ಮುಂಗಾಲು ಜೋಡಿಸಿ ಕುಳಿತಿತು. ಅದು ಬೀದಿಯಲ್ಲಿ ಹುಟ್ಟಿದ್ದಲ್ಲ, ಯಾರದೋ ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದದ್ದು ಎಂಬುದು ನಮಗೆ ತಿಳಿದದ್ದು ಹಾಗೆ. ನಾಯಿ ಖಂಡೋಬನ ಸಂಗಾತಿ, ಬಾಗಿಲಿಗೆ ಬಂದದ್ದನ್ನು ಅಟ್ಟಬಾರದು ಎಂದು ಕಾಕಾ ಅದಕ್ಕೆ ಖಂಡ್ಯಾ ಎಂದು ಹೆಸರಿಟ್ಟರು. ನಮ್ಮ ಕಡೆ ಮೈಲಾರಲಿಂಗನೆಂದು ಪೂಜಿಸುವುದೂ ಅದೇ ದೇವರನ್ನು.

ಎರಡು ವಾರಗಳಲ್ಲಿ ಖಂಡ್ಯಾನ ಎರಡು ಸ್ವಭಾವಗಳು ನನಗೆ ಗೊತ್ತಾದವು. ಊಟದ ತಟ್ಟೆಯ ಹತ್ತಿರ ಯಾರಾದರೂ ಬಂದರೆ ಮೈ ಬಿಗಿಹಿಡಿದು ಗುರುಗುಟ್ಟುತ್ತಿದ್ದ. ಲಿಫ್ಟಿನ ಬಾಗಿಲು ತೆರೆದರೆ ನಡುಗಿ ಹಿಂದೆ ಸರಿಯುತ್ತಿದ್ದ. ಇದನ್ನೆಲ್ಲ ಬರೆದರೆ ಯಾರೂ ಬರುವುದಿಲ್ಲವೆಂದು ಹೆದರಿ, ‘ಶಾಂತ ಸ್ವಭಾವದ, ಮಕ್ಕಳೊಂದಿಗೆ ಹೊಂದಿಕೊಳ್ಳುವ ಸುಂದರ ನಾಯಿಗೆ ಮನೆ ಬೇಕಾಗಿದೆ’ ಎಂದು ಬರೆದುಬಿಟ್ಟೆ. ಎರಡೇ ದಿನಗಳಲ್ಲಿ 40ಕ್ಕೂ ಹೆಚ್ಚು ಕರೆಗಳು ಬಂದವು. ಒಂಬತ್ತನೆಯ ಮಹಡಿಯಲ್ಲಿ 5 ವರ್ಷದ ಮಗುವಿನೊಂದಿಗೆ ವಾಸಿಸುತ್ತಿದ್ದ ಒಳ್ಳೆಯ ದಂಪತಿಗಳಿಗೆ ಅವನನ್ನು ಕೊಟ್ಟೆ. ಒಂಬತ್ತನೆಯ ದಿನ ಆ ಮಗು ತಟ್ಟೆಯ ಬಳಿ ಹೋಯಿತು, ಖಂಡ್ಯಾ ಬಾಯಿ ಹಾಕಿದ. ಅದೃಷ್ಟಕ್ಕೆ ಅಂಗಿಯ ತೋಳು ಹರಿದದ್ದನ್ನು ಬಿಟ್ಟರೆ ಬೇರೇನೂ ಆಗಲಿಲ್ಲ. ಅವರು ಅವನನ್ನು ವಾಪಸು ಕರೆತಂದಾಗ ನನಗೆ ಒಂದು ಮಾತೂ ಅನ್ನಲಿಲ್ಲ. ಮಗುವಿನ ತಾಯಿ, ಇದು ನಿಮಗೆ ಮೊದಲೇ ಗೊತ್ತಿತ್ತೇ ಎಂದಷ್ಟೇ ಕೇಳಿದರು. ಗೊತ್ತಿತ್ತು ಎಂದು ಹೇಳಬೇಕಾಯಿತು. ಆ ಮಗುವಿಗೂ ಆ ನಾಯಿಗೂ ನಾನು ಮಾಡಿದ ಅನ್ಯಾಯ ಅದು, ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಅನಂತರ ಬರೆದ ಎರಡನೆಯ ಪ್ರಕಟಣೆ ಹೀಗಿತ್ತು: ‘ಊಟ ಮಾಡುವಾಗ ಹತ್ತಿರ ಬಂದವರ ಮೇಲೆ ಗುರುಗುಟ್ಟುತ್ತಾನೆ, ಒಮ್ಮೆ ಬಾಯಿ ಹಾಕಿದ್ದಾನೆ. ಆದ್ದರಿಂದ ಚಿಕ್ಕ ಮಕ್ಕಳಿರುವ ಮನೆಗೆ ಕೊಡುವುದಿಲ್ಲ. ಲಿಫ್ಟಿಗೆ ಹೆದರುತ್ತಾನೆ. ವಯಸ್ಸು ಸುಮಾರು 4, ತೂಕ 37 ಕೆ.ಜಿ., ಬೆಲ್ಟ್ ಹಿಡಿಯುವವರ ತೋಳಿಗೆ ಬಲ ಬೇಕು. ಮನೆಯೊಳಗೆ ಒಮ್ಮೆಯೂ ಗಲೀಜು ಮಾಡಿಲ್ಲ. ಗುಡುಗಿದಾಗ ನಮ್ಮ ಕಾಲಿಗೆ ಒರಗಿ ಕೂರುತ್ತಾನೆ.’ ಜೊತೆಗೆ, ಅವನ ಗಾತ್ರ ತಿಳಿಯಲೆಂದು, ನನ್ನ ಪತಿ ಪಕ್ಕದಲ್ಲಿ ನಿಂತಿದ್ದ ಒಂದು ಫೋಟೊ, ಅವನು ರಸ್ತೆಯಲ್ಲಿ ನಡೆಯುವ ಅರ್ಧ ನಿಮಿಷದ ವಿಡಿಯೊ. ಈ ಬಾರಿ ಮೂರು ವಾರಗಳಲ್ಲಿ ಬಂದದ್ದು 5 ಕರೆಗಳು ಮಾತ್ರ. ಆದರೆ ಆ ಐದೂ ಜನ ಪೂರ್ತಿ ಓದಿಯೇ ಕರೆ ಮಾಡಿದ್ದರು. ಪಾಪ ಎಂದು ಮರುಗುವವರಲ್ಲ, ತಟ್ಟೆಯ ಬಳಿ ಹೋಗದಿದ್ದರೆ ಸಾಕೇ, ಔಷಧಿ ಹೇಗೆ ಕುಡಿಸುತ್ತೀರಿ, ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ವಿಚಾರಿಸುವವರು. ನಿಮಗೆ ಬೇಕಾದದ್ದು ಅಂಥ ಒಂದೇ ಒಂದು ಕರೆ.

ಕಾಯುವ ದಿನಗಳನ್ನು ವ್ಯರ್ಥ ಮಾಡಬೇಡಿ. ದೊಡ್ಡ ನಾಯಿಯನ್ನು ಜನ ಬೇಡವೆನ್ನುವುದು ಬಹುಪಾಲು ಅದು ಎಳೆದುಕೊಂಡು ಹೋಗುತ್ತದೆ, ಮೈಮೇಲೆ ಹಾರುತ್ತದೆ ಎಂಬ ಭಯದಿಂದ. ಆದ್ದರಿಂದ ಎಳೆಯದೆ ನಡೆಯುವುದನ್ನೂ ಬಾಗಿಲು ತೆರೆದಾಗ ಕುಳಿತು ಕಾಯುವುದನ್ನೂ ಅದಕ್ಕೆ ಕಲಿಸಿದರೆ ಅರ್ಧ ಕೆಲಸ ಆದಂತೆಯೇ. ಖಂಡ್ಯಾನಿಗೆ ಲಿಫ್ಟ್ ಅಭ್ಯಾಸ ಮಾಡಿಸಲು ನಮಗೆ 18 ದಿನ ಹಿಡಿಯಿತು. ಮೊದಲ ಕೆಲವು ದಿನ ಮುಚ್ಚಿದ ಬಾಗಿಲಿನ ಎದುರು ಬೇಯಿಸಿದ ಕೋಳಿಯ ಚೂರು ಕೊಟ್ಟು ಹಿಂದಿರುಗಿದೆವು. ಆಮೇಲೆ ತೆರೆದ ಬಾಗಿಲಿನ ಎದುರು. ಒಂದು ದಿನ ಅವನು ಒಂದೇ ಮುಂಗಾಲನ್ನು ಒಳಗಿಟ್ಟು, ನೆಲ ಅಲುಗುತ್ತದೆಯೇ ಎಂದು ಪರೀಕ್ಷಿಸುವವನಂತೆ ಒತ್ತಿ ನೋಡಿ, ಹಿಂದಕ್ಕೆ ತೆಗೆದುಕೊಂಡ. ನಾವು ಬೆಲ್ಟ್ ಎಳೆಯಲಿಲ್ಲ. ಮರುದಿನ ತಾನಾಗಿಯೇ ಎರಡೂ ಕಾಲಿಟ್ಟ. ಗುರುಗುಟ್ಟುವುದಕ್ಕೆ ಮಾತ್ರ ಎಂದೂ ಹೊಡೆಯಬೇಡಿ, ಗದರಲೂ ಬೇಡಿ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ, ಪೆಟ್ಟು ತಿಂದು ಆ ಎಚ್ಚರಿಕೆಯನ್ನು ಬಿಟ್ಟ ನಾಯಿ ಮುಂದೊಮ್ಮೆ ಸದ್ದಿಲ್ಲದೆ ಕಚ್ಚೀತು.

ಕಾನೂನಿನ ವಿಷಯವನ್ನೂ ತಿಳಿದಿರಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸೊಸೈಟಿಯವರು ಸಾಕುನಾಯಿಗಳನ್ನು, ಗಾತ್ರದ ಕಾರಣಕ್ಕೂ ತಳಿಯ ಕಾರಣಕ್ಕೂ, ನಿಷೇಧಿಸುವಂತಿಲ್ಲ. ಆದರೆ ಮನೆಮಾಲೀಕರ ಒಪ್ಪಿಗೆ ಬೇರೆಯೇ ಸಂಗತಿ. ನಾಯಿಯನ್ನು ಒಯ್ಯುವವರೂ ಬಾಡಿಗೆ ಮನೆಯವರಾದರೆ ಆ ಒಪ್ಪಿಗೆಯನ್ನು ಬರಹದಲ್ಲೇ ಕೇಳಿ. ಪುಣೆಯ ಬಾಡಿಗೆ ಒಪ್ಪಂದಗಳು ಸಾಮಾನ್ಯವಾಗಿ 11 ತಿಂಗಳವು. ಮುಂದಿನ ಮನೆ ಸಿಗುವಾಗ ನಾಯಿಯ ಗತಿಯೇನು, ಕಂಪನಿ ಹೊರದೇಶಕ್ಕೆ ಕಳಿಸಿದರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರು ಮಾತ್ರ ನನ್ನ ದೃಷ್ಟಿಯಲ್ಲಿ ಅರ್ಹರು. ರಾಟ್‌ವೈಲರ್ ನಿಷೇಧವಾಗಿದೆಯಲ್ಲವೇ ಎಂದೂ ನಿಮ್ಮನ್ನು ಕೇಳುತ್ತಾರೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಬಗ್ಗೆ ಹೊರಡಿಸಿದ್ದ ಸುತ್ತೋಲೆಯಲ್ಲಿ ಅದೂ ಇತ್ತು; ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಲಾಗಿದೆ ಎಂದು ಕರ್ನಾಟಕ ಹೈಕೋರ್ಟ್ ಅದನ್ನು ಏಪ್ರಿಲ್‌ನಲ್ಲಿ ರದ್ದುಗೊಳಿಸಿತು. ಆದರೂ ಒಯ್ಯುವವರ ಊರಿನ ಪಾಲಿಕೆಯಲ್ಲಿ ನಾಯಿಯ ಲೈಸೆನ್ಸ್ ಬಗ್ಗೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಗಡುವು ಮುಗಿಯಿತೆಂದು ಸಿಕ್ಕಲ್ಲೇ ಮರಳಿ ಬಿಟ್ಟುಬರುವ ಯೋಚನೆಯನ್ನಂತೂ ಮಾಡಬೇಡಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಇನ್ನು ಫಾರ್ಮ್‌ಹೌಸ್. ಅಲ್ಲಿ ಜಾಗವಿದೆ, ನಾಯಿ ಓಡಾಡಿಕೊಂಡಿರುತ್ತದೆ ಎಂಬ ಚಿತ್ರ ನಮ್ಮ ಮನಸ್ಸಿಗೆ ಸಮಾಧಾನ ಕೊಡುತ್ತದೆ, ಅದಕ್ಕಾಗಿಯೇ ಎಚ್ಚರಿಕೆ ಬೇಕು. ಕೇಳಬೇಕಾದದ್ದು ಎಷ್ಟು ಎಕರೆ ಎಂದಲ್ಲ. ವಾರದ ಏಳು ದಿನವೂ ಅಲ್ಲಿ ಯಾರಿರುತ್ತಾರೆ, ರಾತ್ರಿ ನಾಯಿ ಎಲ್ಲಿ ಮಲಗುತ್ತದೆ ಎಂದು. ಯಜಮಾನರು ಶನಿವಾರ ಬಂದು ಭಾನುವಾರ ಹೋಗುವ, ಉಳಿದ ದಿನ ಸಂಬಳದ ಆಳೊಬ್ಬ ಬಾಗಿಲ ಬಳಿ ಚೈನಿಗೆ ಕಟ್ಟಿ ಅನ್ನ ಹಾಕುವ ಜಾಗಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪುಣೆ ಜಿಲ್ಲೆಯಲ್ಲಿ ಚಿರತೆಗಳ ಸಂಗತಿಯೂ ಇದೆ. ಜುನ್ನರ್ ಕಡೆಯ ಕಬ್ಬಿನ ಗದ್ದೆಗಳಲ್ಲೇ ನೆಲೆಸಿರುವ ಚಿರತೆಗಳಿಗೆ ನಾಯಿ ಸುಲಭದ ಆಹಾರ, ಚೈನಿಗೆ ಕಟ್ಟಿದ ನಾಯಿಯಂತೂ ಓಡಲೂ ಆಗದೆ ಸಾಯುತ್ತದೆ. ಮನೆಯವರು ಅಲ್ಲಿಯೇ ವಾಸವಾಗಿದ್ದು, ಕತ್ತಲಾದ ಮೇಲೆ ನಾಯಿಯನ್ನು ಒಳಗೆ ಮಲಗಿಸುವವರಾದರೆ ಮಾತ್ರ ಯೋಚಿಸಿ. ಮುಳಶಿಯವರನ್ನು ಈ ಎರಡು ಪ್ರಶ್ನೆ ಕೇಳಿ, ಹೇಳದೆ ಒಂದು ಬುಧವಾರ ಹೋಗಿ ನೋಡಿಬನ್ನಿ.

ಆಯ್ಕೆಯಾದವರ ಮನೆಗೆ ನೀವೇ ಹೋಗಬೇಕು, ಮನೆಮಂದಿಯೆಲ್ಲ ಇರುವ ಹೊತ್ತಿನಲ್ಲಿ. ದಿನವಿಡೀ ನಾಯಿಯೊಂದಿಗೆ ಇರುವವರು ಅಜ್ಜಿಯೋ ಕೆಲಸದಾಕೆಯೋ ಆಗಿದ್ದರೆ ಅವರ ಒಪ್ಪಿಗೆಯೇ ನಿಜವಾದ ಒಪ್ಪಿಗೆ. ಮೊದಲ ಭೇಟಿಯಲ್ಲೇ ನಾಯಿಯನ್ನು ಕೊಡಬೇಡಿ, ಎರಡು ಮೂರು ಸಲ ಅವರ ಕೈಯಲ್ಲೇ ಅದನ್ನು ನಡೆಸಿ ನೋಡಿ. ಖರ್ಚನ್ನೂ ಬಾಯಿಬಿಟ್ಟು ಹೇಳಿ: ಖಂಡ್ಯಾನ ಊಟಕ್ಕೂ ಔಷಧಿಗೂ ನನಗೆ ತಿಂಗಳಿಗೆ 7 ಸಾವಿರ ರೂಪಾಯಿಗಳಷ್ಟು ಆಗುತ್ತಿತ್ತು, ಹೆಚ್ಚಿನ ಔಷಧಿಗಳ ಪ್ರಮಾಣ ತೂಕಕ್ಕೆ ತಕ್ಕಂತೆ ಏರುತ್ತದೆ. ಚೈನಿಗೆ ಕಟ್ಟಿಡುವುದಿಲ್ಲ, ವರ್ಷವರ್ಷ ಲಸಿಕೆ ಹಾಕಿಸುತ್ತೇವೆ, ಸಾಕಲಾಗದಿದ್ದರೆ ಬೇರೆ ಯಾರಿಗೂ ಕೊಡದೆ ನಿಮಗೇ ತಿಳಿಸುತ್ತೇವೆ ಎಂದು ಬರೆಸಿಕೊಳ್ಳಿ. ಕಡೆಯ ಷರತ್ತು ನಿಮ್ಮನ್ನೂ ಕಟ್ಟಿಹಾಕುತ್ತದೆ, ಅದು ಮರಳಿ ಬಂದರೆ ಬಾಗಿಲು ತೆರೆಯುವ ಸಿದ್ಧತೆ ನಿಮಗಿರಬೇಕು.

ಹುಡುಕಾಟವನ್ನು ಪುಣೆಗೆ ಸೀಮಿತ ಮಾಡಬೇಡಿ. ಗಣೇಶನಗರದ ಕನ್ನಡ ಸಂಘದಲ್ಲಿ ಭೇಟಿಯಾದ ಪರಿಚಯದವರೊಬ್ಬರಿಂದ ಖಂಡ್ಯಾನ ಸುದ್ದಿ ಬೆಳಗಾವಿಯ ಒಂದು ಮನೆಗೆ ತಲುಪಿತು. ನೆಲಮಹಡಿಯ ಹಳೆಯ ಮನೆ, ಹಿತ್ತಲು, ದೊಡ್ಡ ಮಕ್ಕಳು, ಲಿಫ್ಟಿನ ಗೊಡವೆಯಿಲ್ಲ. ರೈಲಿನಲ್ಲಾದರೆ ನಾಯಿಯನ್ನು ಎ.ಸಿ. ಮೊದಲ ದರ್ಜೆಯ ಕೂಪೆಯಲ್ಲಿ ನಮ್ಮೊಂದಿಗೆ ಅಥವಾ ಬ್ರೇಕ್ ವ್ಯಾನಿನ ಪೆಟ್ಟಿಗೆಯಲ್ಲಿ ಮಾತ್ರ ಒಯ್ಯಬಹುದು. ಪೆಟ್ಟಿಗೆ ಅವನ ಗಾತ್ರಕ್ಕೆ ಇಕ್ಕಟ್ಟಾದೀತೆಂದು ನಾವು ಕಾರಿನಲ್ಲೇ, ಬಿಸಿಲೇರುವ ಮುನ್ನ ತಲುಪಲು ನಸುಕಿಗೂ ಮೊದಲೇ ಹೊರಟು, ಸಾತಾರಾ, ಕೊಲ್ಹಾಪುರದ ಮೇಲೆ ಸುಮಾರು 340 ಕಿ.ಮೀ. ಹೋದೆವು. ಅವನು ಮಲಗುತ್ತಿದ್ದ ಬೆಡ್‌ಶೀಟನ್ನು ತೊಳೆಯದೆ ಹಾಗೆಯೇ ಒಯ್ದಿದ್ದೆವು, ಹೊಸ ಮನೆಯಲ್ಲಿ ಹಳೆಯ ವಾಸನೆ ಇರಲೆಂದು. ಅವನಿಗೆ ತಿಳಿಯುವ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೆವು. ನೀವೂ ಅದನ್ನು ಮರೆಯಬೇಡಿ, ಇಂದಿನಿಂದಲೇ ಬರೆಯಲು ಆರಂಭಿಸಿ. ಆ ಮನೆಯ ಅಜ್ಜಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ‘ಖಾಲೀ ಬಸ್, ಮೈಲಾರಿ’ ಎಂದರು. ಹೆಸರು ಹೊಸದಾಗಿತ್ತು. ಅವನು ಒಮ್ಮೆ ನನ್ನ ಕಡೆ ನೋಡಿ, ಮುಂಗಾಲು ಜೋಡಿಸಿ ಅವರ ಎದುರು ಕುಳಿತ.